ಅಂಗಿಯ ಮೇಲಿನ ಅಚ್ಚು: ದರ ಕೇಳುವ ಮೊದಲು ವಿಧಾನ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಗಣೇಶನ ಹಬ್ಬ ಮುಗಿದು ದಸರೆ ಹತ್ತಿರವಾಗುತ್ತಿದ್ದಂತೆ ನಮ್ಮ ಊರಿನ ಕನ್ನಡ ಸಂಘಗಳು, ಕಾಲೇಜು ವಿದ್ಯಾರ್ಥಿಗಳು, ಆಟೊ ನಿಲ್ದಾಣದ ಗೆಳೆಯರ ಬಳಗಗಳು ರಾಜ್ಯೋತ್ಸವದ ಟೀ ಶರ್ಟ್‌ಗಳ ದರ ವಿಚಾರಿಸುತ್ತಾ ಅಂಗಡಿಯಿಂದ ಅಂಗಡಿಗೆ ಅಲೆಯಲಾರಂಭಿಸುತ್ತವೆ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ನಡೆಸುತ್ತಿರುವ ನಾನು ಈ ದಿನಗಳಲ್ಲಿ ಕೇಳಿಸಿಕೊಳ್ಳುವ ಪ್ರಶ್ನೆ ಒಂದೇ: ‘ಒಂದಕ್ಕೆ ಎಷ್ಟು ಬೀಳುತ್ತದೆ?’ ಬಟ್ಟೆ ಯಾವುದು, ಅಚ್ಚು ಹಾಕುವ ವಿಧಾನ ಯಾವುದು, ಅದು ಎಷ್ಟು ಒಗೆತಕ್ಕೆ ತಾಳುತ್ತದೆ ಎಂದು ಕೇಳುವವರು ತೀರ ಅಪರೂಪ. ಇವತ್ತು ಒಂದೇ ಚಿತ್ರವನ್ನು ನಾಲ್ಕೈದು ಬಗೆಯಲ್ಲಿ ಅಂಗಿಯ ಮೇಲೆ ಮೂಡಿಸಬಹುದಾಗಿದ್ದು, ಕೈಗೆ ಬಂದ ದಿನ ಅವೆಲ್ಲವೂ ಹೆಚ್ಚು ಕಡಿಮೆ ಒಂದೇ ರೀತಿ ಕಾಣುತ್ತವೆಯಾದ್ದರಿಂದ, ದರವನ್ನು ಮಾತ್ರ ಹೋಲಿಸಿ ಆರ್ಡರ್ ಕೊಟ್ಟವರು ತಾವು ಯಾವುದಕ್ಕೆ ಹಣ ಕೊಟ್ಟಿದ್ದೇವೆಂಬುದನ್ನು ಡಿಸೆಂಬರಿನಲ್ಲಿ ತಿಳಿಯುತ್ತಾರೆ. ಸಂಘಗಳು ಖರ್ಚು ಮಾಡುವುದು ಜನರು ಕೊಟ್ಟ ಚಂದಾ ಹಣವನ್ನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಹಿಂದಿನ ವರ್ಷದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ. ನನ್ನ ಮಗನೂ ಸದಸ್ಯನಾಗಿರುವ ನಮ್ಮ ಬಡಾವಣೆಯ ಗೆಳೆಯರ ಬಳಗವು ನನ್ನ ದರ ಹೆಚ್ಚಾಯಿತೆಂದು (ಈ ಮಾತನ್ನು ನನ್ನ ಪತ್ನಿ ಇಂದಿಗೂ ನೆಂಟರ ಮುಂದೆ ಹೇಳಿ ನಗುತ್ತಾಳೆ) ಬೇರೆ ಊರಿನ ಸರಬರಾಜುದಾರರೊಬ್ಬರಿಂದ 120 ಹಳದಿ ಅಂಗಿಗಳನ್ನು ತರಿಸಿಕೊಂಡಿತು. ಬಿಲ್ಲಿನಲ್ಲಿ ‘ಕಾಟನ್’ ಎಂದು ಬರೆದಿತ್ತು. ಎದೆಯ ಮೇಲೆ ಕೆಂಪಕ್ಷರದ ಘೋಷಣೆ, ಎಡಗಡೆ ಬಳಗದ ಲಾಂಛನ. ನವೆಂಬರ್ 1ರ ಮೆರವಣಿಗೆಯಲ್ಲಿ ದೂರದಿಂದ ಸೊಗಸಾಗಿಯೇ ಕಂಡವು. ಹತ್ತಿರ ಬಂದಾಗ ಮಾತ್ರ ಲಾಂಛನದ ಬಿಳಿ ಪಾರಿವಾಳ ಹಳದಿಯಾಗಿದ್ದುದೂ ಅದರ ಹಿಂದಿನ ನೀಲಿ ಆಕಾಶ ಹಸಿರಿಗೆ ತಿರುಗಿದ್ದುದೂ ನನ್ನ ಕಣ್ಣಿಗೆ ಬಿತ್ತು. ಮೂರನೆಯ ಒಗೆತಕ್ಕೆ ಕೆಂಪಕ್ಷರಗಳು ಇಟ್ಟಿಗೆ ಪುಡಿ ಸವರಿದಂತೆ ಮಾಸಿದವು; ಐದನೆಯ ಒಗೆತದ ನಂತರ ಏನು ಬರೆದಿದೆಯೆಂದು ತಿಳಿಯಲು ಅಂಗಿಯನ್ನು ಬೆಳಕಿಗೆ ಹಿಡಿಯಬೇಕಾಯಿತು. ಸರಬರಾಜುದಾರರನ್ನು ಕೇಳಿದರೆ, ‘ಬಿಸಿನೀರಿನಲ್ಲಿ ಒಗೆದಿರಬೇಕು’ ಎಂದರಂತೆ. ನಾನು ಅಂಗಿಯ ಒಳಮಡಿಕೆಯಿಂದ ಒಂದೆರಡು ಎಳೆ ನೂಲನ್ನು (ಹೊಲಿಗೆಯ ದಾರವನ್ನಲ್ಲ, ಬಟ್ಟೆಯದೇ ನೂಲನ್ನು) ಎಳೆದು ಕಡ್ಡಿ ಗೀರಿದೆ. ಒಂದಿಷ್ಟು ಸುಟ್ಟ ಕಾಗದದ ವಾಸನೆಯೊಡನೆ ಬೂದಿಯಾಯಿತು. ಉಳಿದದ್ದು ಕರಗಿ ಕಪ್ಪು ಮಣಿಯಂತೆ ಗಟ್ಟಿಯಾಯಿತು. ಅಲ್ಲಿಗೆ ಬಟ್ಟೆ ಹತ್ತಿ–ಪಾಲಿಯೆಸ್ಟರ್ ಮಿಶ್ರಣವೆಂಬುದೂ, ಹಾಕಿದ ಅಚ್ಚು ಸಬ್ಲಿಮೇಶನ್ ಎಂಬುದೂ ಖಾತ್ರಿಯಾಯಿತು.

ಸಬ್ಲಿಮೇಶನ್ ಕೆಟ್ಟ ವಿಧಾನವೇನೂ ಅಲ್ಲ. ಅದು ತನ್ನ ಬಟ್ಟೆಯ ಮೇಲಿದ್ದರೆ ಅದನ್ನು ಮೀರಿಸುವುದು ಯಾವುದೂ ಇಲ್ಲ. ವಿಶೇಷ ಕಾಗದದ ಮೇಲೆ ಮುದ್ರಿಸಿದ ಚಿತ್ರವನ್ನು ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿದಾಗ, ಆರತಿಯ ಕರ್ಪೂರ ನೀರಾಗದೆ ನೇರವಾಗಿ ಆವಿಯಾಗುವಂತೆ, ಆ ಬಣ್ಣವೂ ಆವಿಯಾಗಿ ಪಾಲಿಯೆಸ್ಟರ್ ನೂಲಿನ ಒಳಗೇ ಸೇರಿಕೊಳ್ಳುತ್ತದೆ. ಮುಟ್ಟಿದರೆ ಅಚ್ಚು ಕೈಗೆ ಸಿಗುವುದಿಲ್ಲ, ಏಳುವುದಿಲ್ಲ, ಬಿರಿಯುವುದಿಲ್ಲ. ಕಬಡ್ಡಿ ಪಂದ್ಯಾವಳಿಗಳ, ಮ್ಯಾರಥಾನ್ ಓಟಗಳ, ಟೆನಿಸ್‌ಬಾಲ್ ಕ್ರಿಕೆಟ್ ತಂಡಗಳ ಜೆರ್ಸಿಗಳೆಲ್ಲ ಇವತ್ತು ಹೆಚ್ಚಾಗಿ ಹೀಗೆಯೇ ತಯಾರಾಗುತ್ತವೆ. ಹೊಲಿಯುವ ಮೊದಲೇ ಬಟ್ಟೆಗೆ ಚಿತ್ರ ಹತ್ತಿಸುವುದರಿಂದ ತೋಳು, ಕಾಲರು, ಬೆನ್ನು ಎಲ್ಲೆಂದರಲ್ಲಿ ವಿನ್ಯಾಸ ತುಂಬಬಹುದು. ಆದರೆ ಹತ್ತಿಯ ನೂಲು ಈ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಿಶ್ರಣದ ಬಟ್ಟೆಯಲ್ಲಿ ಪಾಲಿಯೆಸ್ಟರ್ ಎಷ್ಟಿದೆಯೋ ಅಷ್ಟು ಬಣ್ಣ ಉಳಿದು, ಮಿಕ್ಕಿದ್ದು ಒಗೆತಕ್ಕೊಂದಿಷ್ಟರಂತೆ ನೀರುಪಾಲಾಗುತ್ತದೆ. ಈ ವಿಧಾನದಲ್ಲಿ ಬಿಳಿ ಬಣ್ಣವೆಂಬುದೂ ಇಲ್ಲ. ಅಂಗಿಯ ಬಣ್ಣವೇ ಬಿಳಿಯ ಜಾಗವನ್ನು ತುಂಬುತ್ತದೆ. ಹೀಗಾಗಿ ಹಳದಿ ಬಟ್ಟೆಯ ಮೇಲೆ ಬಿಳಿ ಪಾರಿವಾಳವನ್ನು ನಿರೀಕ್ಷಿಸಿದ್ದೇ ತಪ್ಪು, ಮತ್ತು ಆ ಮಾತನ್ನು ಹಣ ಪಡೆದವರು ಮುಂಚೆಯೇ ಹೇಳಬೇಕಿತ್ತು.

ಪಾಲಿಯೆಸ್ಟರಿನ ಇದೇ ಗುಣ ಇನ್ನೊಂದು ಕಡೆ ತಿರುಗಿ ಬಡಿಯುತ್ತದೆ. ಕೆಂಪು ಪಾಲಿಯೆಸ್ಟರ್ ಅಂಗಿಗಳ ಮೇಲೆ ಬಿಳಿ ಅಕ್ಷರಗಳನ್ನು ಪ್ಲಾಸ್ಟಿಸಾಲ್ ಎಂಬ ಸಾಮಾನ್ಯ ಪ್ಲಾಸ್ಟಿಕ್ ಇಂಕಿನಲ್ಲಿ ಹಾಕಿ ಕಾಯಿಸಿದರೆ, ಆ ಶಾಖಕ್ಕೆ ಬಟ್ಟೆಯೊಳಗಿನ ಕೆಂಪು ಬಣ್ಣವೇ ಎದ್ದು ಬಂದು ಬಿಳಿ ಇಂಕಿನೊಳಗೆ ಸೇರುತ್ತದೆ. ಅಂಗಡಿಯಿಂದ ಹೊರಡುವಾಗ ಹಾಲಿನಂತಿದ್ದ ಅಕ್ಷರ ಕೆಲವು ದಿನಗಳಲ್ಲಿ ಗುಲಾಬಿಯಾಗುತ್ತದೆ. ನನ್ನ ಕೈಯಲ್ಲೇ ಹೀಗಾದದ್ದುಂಟು. ಹತ್ತು–ಹನ್ನೆರಡು ವರ್ಷಗಳ ಹಿಂದೆ ಒಂದು ಕಬಡ್ಡಿ ತಂಡದ ಕೆಂಪು ಜೆರ್ಸಿಗಳಿಗೆ ಬಿಳಿ ಅಂಕಿ ಹಾಕಿಕೊಟ್ಟಿದ್ದೆ. ಪಂದ್ಯದ ದಿನ ಹುಡುಗರು ಬೆನ್ನ ಮೇಲೆ ತಿಳಿಗುಲಾಬಿ ಅಂಕಿಗಳನ್ನು ಹೊತ್ತು ಅಂಗಳಕ್ಕಿಳಿದರು. ಪಾಲಿಯೆಸ್ಟರಿಗೆಂದೇ ಬೇರೆ ಇಂಕು ಸಿಗುತ್ತದೆ, ಅಡಿಯಲ್ಲಿ ಬಣ್ಣವನ್ನು ತಡೆಯುವ ಬೂದು ಪದರವೊಂದನ್ನು ಹಾಕುವ ಕ್ರಮವೂ ಇದೆ ಎಂಬುದನ್ನು ಆ ಹಣ ವಾಪಸ್ ಕೊಟ್ಟ ಮೇಲೆ ಕಲಿತೆ.

ಇನ್ನು ನನ್ನ ಕಸುಬಾದ ಸ್ಕ್ರೀನ್ ಪ್ರಿಂಟಿಂಗ್ ಬಗ್ಗೆ ಹೇಳುವುದಾದರೆ, ಪಕ್ಷಪಾತದ ಆರೋಪ ಬರಬಾರದೆಂದು, ನನ್ನ ಅಂಗಡಿಯಲ್ಲಿ ಶಾಖದಿಂದ ಅಚ್ಚು ಒತ್ತುವ ಹೀಟ್ ಪ್ರೆಸ್ ಕೂಡ ಇದೆ, ಹೊಸ ವಿಧಾನಗಳಿಂದಲೂ ನನಗೆ ಸಂಪಾದನೆಯಿದೆ ಎಂಬುದನ್ನು ಮೊದಲೇ ತಿಳಿಸುತ್ತೇನೆ. ಸ್ಕ್ರೀನ್ ಎಂದರೆ ಚೌಕಟ್ಟಿಗೆ ಬಿಗಿದ ತೆಳುವಾದ ಜಾಲರಿ ಬಟ್ಟೆ. ಹಿಂದೆ ರೇಷ್ಮೆಯದಿತ್ತು, ಈಗ ಪಾಲಿಯೆಸ್ಟರಿನದು. ಅದಕ್ಕೆ ಬೆಳಕು ತಾಗಿದರೆ ಗಟ್ಟಿಯಾಗುವ ಲೇಪನವನ್ನು ಬಳಿದು, ಒಣಗಿಸಿ, ಕಪ್ಪು ಅಕ್ಷರಗಳಿರುವ ಪಾರದರ್ಶಕ ಫಿಲ್ಮನ್ನು ಮೇಲಿಟ್ಟು ಬೆಳಕಿಗೆ ಒಡ್ಡಿ ನೀರು ಬಿಟ್ಟರೆ, ಕಪ್ಪಿನ ಮರೆಯಲ್ಲಿದ್ದ ಭಾಗ ಮಾತ್ರ ತೊಳೆದುಹೋಗಿ ಅಲ್ಲಿ ಜಾಲರಿ ತೆರೆದುಕೊಳ್ಳುತ್ತದೆ. ಆ ಕಿಂಡಿಗಳ ಮೂಲಕ ಇಂಕನ್ನು ರಬ್ಬರ್ ಅಲಗಿನ ಸ್ಕ್ವೀಜಿಯಿಂದ ಎಳೆದು ಬಟ್ಟೆಗೆ ಇಳಿಸುತ್ತೇವೆ. ಪ್ರತಿಯೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು. ಖರ್ಚಿನ ಗುಟ್ಟೆಲ್ಲ ಇರುವುದು ಇಲ್ಲಿಯೇ: ತಯಾರಿಗೆ ಹೆಚ್ಚು, ಎಳೆಯುವುದಕ್ಕೆ ಕಡಿಮೆ.

ನನ್ನ ಅಂಗಡಿಯ ಲೆಕ್ಕವನ್ನೇ ಕೊಡುತ್ತೇನೆ. ಬೇರೆ ಊರುಗಳಲ್ಲಿ ಅಂಕಿ ಬದಲಾದರೂ ಲೆಕ್ಕದ ದಾರಿ ಇದೇ. ಒಂದು ಬಣ್ಣದ ಫಿಲ್ಮು ಮತ್ತು ಸ್ಕ್ರೀನ್ ತಯಾರಿಗೆ 400 ರೂಪಾಯಿ, ಒಂದು ಅಂಗಿಗೆ ಒಂದು ಬಣ್ಣ ಎಳೆಯಲು 12 ರೂಪಾಯಿ. ಅದೇ ಎದೆಯಳತೆಯ ಚಿತ್ರವನ್ನು, ಫಿಲ್ಮಿನ ಮೇಲೆ ಮುದ್ರಿಸಿ ಶಾಖದಿಂದ ಬಟ್ಟೆಗೆ ಅಂಟಿಸುವ ಡಿಟಿಎಫ್‌ನಲ್ಲಿ ಹಾಕಿದರೆ ಬಣ್ಣ ಎಷ್ಟೇ ಇರಲಿ, ಒಂದಕ್ಕೆ 60 ರೂಪಾಯಿ. ಎರಡು ಬಣ್ಣದ ಚಿತ್ರವನ್ನು 10 ಅಂಗಿಗೆ ಹಾಕಿಸುವವರಿಗೆ ಸ್ಕ್ರೀನ್ ಅಚ್ಚು ತಲಾ 104 ರೂಪಾಯಿ ಬೀಳುತ್ತದೆ. ಅವರು ನನ್ನ ಬಳಿ ಸ್ಕ್ರೀನ್ ಬೇಕೆಂದರೂ ನಾನೇ ಬೇಡವೆನ್ನುತ್ತೇನೆ. ಅದೇ 100 ಅಂಗಿಗಾದರೆ ತಲಾ 32 ರೂಪಾಯಿ. ಎರಡೂ ದಾರಿ ಸರಿಸಮವಾಗುವುದು 22 ಅಂಗಿಯ ಆಸುಪಾಸಿನಲ್ಲಿ. ಅಂಗಿ ಗಾಢ ಬಣ್ಣದ್ದಾಗಿದ್ದರೆ ಅಡಿಯಲ್ಲಿ ಬಿಳಿಯ ಪದರವೊಂದು ಬೇಕಾಗಿ ಮೂರು ಸ್ಕ್ರೀನ್ ಆಗುವುದರಿಂದ ಆ ಗಡಿ 50ಕ್ಕೆ ಹೋಗುತ್ತದೆ.

ಈ ಬಿಳಿ ಪದರದ ಮಾತು ರಾಜ್ಯೋತ್ಸವದ ಅಂಗಿಗೆ ನೇರವಾಗಿ ಸಂಬಂಧಿಸಿದ್ದು. ಮ. ರಾಮಮೂರ್ತಿಯವರು ರೂಪಿಸಿದ ಹಳದಿ–ಕೆಂಪು ಬಾವುಟದ ಬಣ್ಣಗಳನ್ನೇ ಎಲ್ಲರೂ ಬಯಸುತ್ತಾರೆ. ಕೆಂಪು ಅಂಗಿ ಕೊಂಡು ಹಳದಿಯಲ್ಲಿ ಬರೆಸಿದರೆ, ಹಳದಿ ಇಂಕು ತೆಳುವಾದ್ದರಿಂದ ಬಿಳಿ ಪದರವಿಲ್ಲದೆ ಅದು ಕಿತ್ತಳೆಯಾಗಿ ಕಾಣುತ್ತದೆ. ಹಳದಿ ಅಂಗಿ ಕೊಂಡು ಕೆಂಪಿನಲ್ಲಿ ಬರೆಸಿದರೆ ಪದರವೇ ಬೇಡ. ಒಂದು ಸ್ಕ್ರೀನಿನ ಹಣ ಉಳಿದು, ಅಚ್ಚೂ ತೆಳುವಾಗಿ ಮೈಗೆ ಹಿತವಾಗಿರುತ್ತದೆ. ಇಷ್ಟನ್ನು ಅಂಗಿ ಖರೀದಿಸುವ ಮುಂಚೆ ಯಾರಾದರೂ ಕೇಳಿದರೆ ಹೇಳುತ್ತಿದ್ದೆವು. ಆದರೆ ಬಹುತೇಕ ಸಂಘಗಳು ಬನಿಯನ್ ಬಟ್ಟೆಗೆ ಹೆಸರಾದ ತಿರುಪ್ಪೂರಿನಿಂದ ಅಂಗಿಗಳ ಮೂಟೆ ಇಳಿಸಿಕೊಂಡ ನಂತರವೇ ನಮ್ಮ ಬಳಿ ಬರುತ್ತವೆ.

ಸ್ಕ್ರೀನ್ ಪ್ರಿಂಟಿಂಗ್ ಒಳಗೂ ಒಂದೇ ಬಗೆಯ ಇಂಕಿಲ್ಲ. ನೀರಿನ ಆಧಾರದ ಪಿಗ್ಮೆಂಟ್ ಬಣ್ಣ ಬೈಂಡರ್ ಎಂಬ ಅಂಟಿನೊಡನೆ ನೂಲಿಗೆ ಹಿಡಿದು ಮೃದುವಾಗಿರುತ್ತದೆ, ಬೆವರು ಹೀರಲು ಅಡ್ಡಿ ಮಾಡುವುದಿಲ್ಲ. ತಿಳಿಬಣ್ಣದ ಹತ್ತಿ ಬಟ್ಟೆಗೆ, ಅದರಲ್ಲೂ ಮಕ್ಕಳ ಅಂಗಿಗೆ, ನಾನು ಇದನ್ನೇ ಸೂಚಿಸುತ್ತೇನೆ. ಪ್ಲಾಸ್ಟಿಸಾಲ್ ಎಂಬುದು ಪಿವಿಸಿಯ ಇಂಕು. ಗಾಢ ಬಟ್ಟೆಯ ಮೇಲೆ ಎದ್ದು ಕಾಣುತ್ತದೆ, ಆದರೆ ಗಾಳಿಗೆ ಎಂದಿಗೂ ಒಣಗುವುದಿಲ್ಲ. ಪದರದ ತಳದವರೆಗೂ ಸುಮಾರು 160 ಡಿಗ್ರಿ ಶಾಖ ತಲುಪಿದರೆ ಮಾತ್ರ ಗಟ್ಟಿಯಾಗುತ್ತದೆ. ಮೇಲ್ಪದರ ಮಾತ್ರ ಬೆಂದು ಒಳಗೆ ಹಸಿಯುಳಿದರೆ, ತವೆಯ ಮೇಲೆ ಅವಸರದಲ್ಲಿ ತೆಗೆದ ರೊಟ್ಟಿಯಂತೆ, ನೋಡಲು ಸರಿಯಿದ್ದರೂ ಎರಡನೆಯ ಒಗೆತಕ್ಕೆ ಬಿರುಕು ಬಿಡುತ್ತದೆ. ನಾನು ಕಂಡಂತೆ, ಮುದ್ರಿತ ಅಂಗಿಗಳ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇಂಕಿನ ದೋಷದಿಂದ ಬಂದವಲ್ಲ, ಈ ಅರೆಬೇಯಿಸುವಿಕೆಯಿಂದ ಬಂದವು. ಮತ್ತು ಅದಕ್ಕೆ ಮುಖ್ಯ ಕಾರಣ ಅಕ್ಟೋಬರ್ 28ಕ್ಕೆ ಅಂಗಿ ಕೊಟ್ಟು 31ಕ್ಕೆ ಬೇಕೆನ್ನುವ ಗ್ರಾಹಕರ ಆತುರ ಮತ್ತು ಆಗುವುದಿಲ್ಲ ಎನ್ನಲಾಗದ ನಮ್ಮಂಥವರ ಆಸೆ. ಅನುಮಾನವಿದ್ದವರು ಅಂಗಿ ಕೈಗೆ ಬಂದಾಗ ಅಚ್ಚಿನ ಎರಡೂ ಬದಿಯ ಬಟ್ಟೆ ಹಿಡಿದು ಮೆಲ್ಲಗೆ ಜಗ್ಗಿ ನೋಡಬಹುದು. ಬೆಂದ ಅಚ್ಚು ಬಟ್ಟೆಯೊಡನೆ ಹಿಗ್ಗಿ ಮರಳುತ್ತದೆ, ಬೇಯದ್ದು ಗೆರೆಗೆರೆಯಾಗಿ ಸೀಳುತ್ತದೆ.

ಈಗ ಎಲ್ಲರ ಬಾಯಲ್ಲೂ ಇರುವ ಡಿಟಿಎಫ್ ವಿಧಾನದಲ್ಲಿ ಚಿತ್ರವನ್ನು ಮೊದಲು ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಮುದ್ರಿಸಿ, ಹಿಂಬದಿಗೆ ಬಿಳಿ ಇಂಕಿನ ಪದರ ಕೊಟ್ಟು, ಶಾಖಕ್ಕೆ ಕರಗುವ ಅಂಟಿನ ಪುಡಿ ಉದುರಿಸಿ, ಹೀಟ್ ಪ್ರೆಸ್ಸಿನಲ್ಲಿ 150–160 ಡಿಗ್ರಿಯಲ್ಲಿ ಹತ್ತು ಹದಿನೈದು ಸೆಕೆಂಡು ಒತ್ತಿ ಫಿಲ್ಮನ್ನು ಸುಲಿಯುತ್ತಾರೆ. ಹತ್ತಿ, ಪಾಲಿಯೆಸ್ಟರ್, ಕಪ್ಪು, ಬಿಳುಪು ಎಂಬ ಭೇದ ಅದಕ್ಕಿಲ್ಲ. ಐದೇ ಅಂಗಿ ಬೇಕಾದವರಿಗೆ, ಭಾವಚಿತ್ರ ಬೇಕಾದವರಿಗೆ, ಒಂದೊಂದು ಅಂಗಿಗೂ ಒಂದೊಂದು ಹೆಸರು ಬೇಕಾದವರಿಗೆ ಇದಕ್ಕಿಂತ ಅನುಕೂಲವಾದದ್ದು ಸದ್ಯಕ್ಕೆ ನಮ್ಮೂರಲ್ಲಿ ಇಲ್ಲ. ಆದರೆ ಆ ಚಿತ್ರ ನೂಲಿನೊಳಗೆ ಇಳಿಯುವುದಿಲ್ಲ, ಮೇಲೆ ಅಂಟಿಕೊಂಡು ಕೂರುತ್ತದೆ. ಎದೆಯಗಲದ ದೊಡ್ಡ ತುಂಬು ಚಿತ್ರವಾದರೆ ಅದರಡಿ ಗಾಳಿಯಾಡದೆ ಬಿಸಿಲಿನ ಮೆರವಣಿಗೆಯಲ್ಲಿ ಮೈ ತೊಯ್ದುಹೋಗುತ್ತದೆ. ಹಾಗಾಗಿ ಡಿಟಿಎಫ್ ಮಾಡಿಸುವವರು ಚಿತ್ರವನ್ನು ತುಂಬು ಚೌಕವಾಗಿಸದೆ, ನಡುನಡುವೆ ಬಟ್ಟೆ ಕಾಣುವಂತೆ ಬಿಡಿಬಿಡಿಯಾಗಿ ಬಿಡಿಸಿಕೊಳ್ಳುವುದು ಒಳ್ಳೆಯದು. ಅಂಗಿಯ ಮೇಲೆ ನೇರವಾಗಿ ಮುದ್ರಿಸುವ ಡಿಟಿಜಿ ಯಂತ್ರಗಳೂ ಇದ್ದು, ಹತ್ತಿ ಬಟ್ಟೆಗೆ ಅವು ಚೆನ್ನಾಗಿವೆ. ನಿಧಾನ ಮತ್ತು ದುಬಾರಿಯಾದ್ದರಿಂದ ಸಂಘಗಳ ಕೆಲಸಕ್ಕೆ ಒಗ್ಗುವುದು ಕಡಿಮೆ.

ಇಂಥ ಅಚ್ಚುಗಳ ಬಾಳಿಕೆಯ ಬಗ್ಗೆ ಮಾರಾಟಗಾರರು ಹೇಳುವ ಒಗೆತದ ಲೆಕ್ಕಗಳೆಲ್ಲ ತಣ್ಣೀರಿನ ಯಂತ್ರದಲ್ಲಿ, ಅಂಗಿಯನ್ನು ಒಳಮಗ್ಗುಲಾಗಿ ತಿರುಗಿಸಿ ಹಾಕುವವರಿಗೆ ಸಂಬಂಧಿಸಿದ್ದು. ನಮ್ಮ ಮನೆಗಳಲ್ಲಿ ಇವತ್ತಿಗೂ ಹಿತ್ತಲ ಕಲ್ಲಿದೆ, ಬಟ್ಟೆಯ ಸೋಪಿದೆ, ಕಾಲರಿಗೆ ತಿಕ್ಕುವ ಬ್ರಷ್ ಇದೆ. ಆ ಬ್ರಷ್ ಡಿಟಿಎಫ್ ಅಕ್ಷರದ ಅಂಚಿಗೆ ನಾಲ್ಕು ಸಲ ತಾಗಿದರೆ ಮೂಲೆ ಮೇಲೇಳುತ್ತದೆ, ಎದ್ದ ಮೂಲೆಯನ್ನು ಮಕ್ಕಳು ಉಗುರಿನಲ್ಲಿ ಕೀಳುತ್ತಾರೆ. ಹೊಸ ಇಂಕು, ಹೊಸ ಫಿಲ್ಮು ಬಂದಾಗಲೆಲ್ಲ ನಾನು ಒಂದು ಹಳೆಯ ಬನಿಯನ್ನಿಗೆ ಅಚ್ಚು ಹಾಕಿ ಮನೆಗೆ ಒಯ್ಯುತ್ತೇನೆ. ಯಾವ ಮುಲಾಜೂ ಇಲ್ಲದೆ ಅದನ್ನು ಕಲ್ಲಿಗೆ ಕುಕ್ಕುವ ನನ್ನ ಪತ್ನಿಯೇ ನಮ್ಮ ಅಂಗಡಿಯ ಪ್ರಯೋಗಾಲಯ. ಅವಳಲ್ಲಿ ತೇರ್ಗಡೆಯಾಗದ ಅಂಟನ್ನು ಎರಡು ಬಾರಿ ವಾಪಸ್ ಕಳಿಸಿದ್ದೇನೆ.

ಕನ್ನಡದ ಅಕ್ಷರಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಇಂಗ್ಲಿಷ್ ಅಕ್ಷರಗಳಿಗೆ ಇಲ್ಲದ ತೊಡಕುಗಳು ನಮ್ಮ ಲಿಪಿಗಿವೆ. ‘ಠ’ದ ಹೊಟ್ಟೆಯೊಳಗಿನ ಚುಕ್ಕಿ, ‘ಧ’, ‘ಭ’ಗಳ ಅಡಿಯ ಮಹಾಪ್ರಾಣದ ಸೀಳು, ಕೆಳಗಿಳಿಯುವ ಒತ್ತಕ್ಷರಗಳು, ಇವೆಲ್ಲ ಬಹಳ ಸಣ್ಣ ಗೆರೆಗಳು. ಮುಖ್ಯ ಅಕ್ಷರದ ಎತ್ತರ ಒಂದು ಸೆಂಟಿಮೀಟರಿಗಿಂತ ಕಡಿಮೆಯಾದರೆ ಒತ್ತಿನ ಗೆರೆ ಒಂದು ಮಿಲಿಮೀಟರಿಗೂ ತೆಳುವಾಗುತ್ತದೆ. ಸೆಂಟಿಮೀಟರಿಗೆ 43 ಎಳೆಯ ದೊರಗು ಜಾಲರಿಯಲ್ಲಿ ಅದನ್ನು ಎಳೆದರೆ ಇಂಕು ತುಂಬಿಕೊಂಡು ‘ಧ್ವಜ’ ಹೋಗಿ ‘ದ್ವಜ’ವಾಗುತ್ತದೆ, ‘ಭುವನೇಶ್ವರಿ’ ‘ಬುವನೇಶ್ವರಿ’ಯಾಗುತ್ತಾಳೆ. ಅಂಥ ಕೆಲಸಕ್ಕೆ 77 ಎಳೆಯ ಜಾಲರಿ ಬೇಕು, ಇಲ್ಲವೇ ಅಕ್ಷರವನ್ನು ದೊಡ್ಡದು ಮಾಡಬೇಕು. ಜೆರ್ಸಿಯ ಹೆಸರು, ಅಂಕಿಗಳಿಗೆ ಬಳಸುವ ವಿನೈಲ್ ಹಾಳೆಯನ್ನು ಯಂತ್ರ ಕತ್ತರಿಸಿದ ಮೇಲೆ ಬೇಡದ ಭಾಗವನ್ನು ಚಿಮ್ಮಟದಿಂದ ಕೀಳಬೇಕಾದ್ದರಿಂದ, ‘ಠ’ದ ಚುಕ್ಕಿ ಬೇಡದ ಭಾಗದೊಡನೆ ಎದ್ದುಬರುವುದೇ ಹೆಚ್ಚು. ಅಂಕಿಗೆ ವಿನೈಲ್ ಸರಿ. ಕನ್ನಡದ ಹೆಸರಿಗೆ ಡಿಟಿಎಫ್ ವಾಸಿ.

ಇದಕ್ಕಿಂತ ದೊಡ್ಡ ಅನಾಹುತ ಆಗುವುದು ಕಂಪ್ಯೂಟರಿನಲ್ಲಿ. ನುಡಿ ತಂತ್ರಾಂಶದಲ್ಲೋ ಬರಹ ತಂತ್ರಾಂಶದಲ್ಲೋ ಯೂನಿಕೋಡಿನಲ್ಲೋ ಬೆರಳಚ್ಚು ಮಾಡಿದ ಸಾಲನ್ನು ಹಾಗೆಯೇ ಹೊರರಾಜ್ಯದ ಮುದ್ರಕರಿಗೆ ಕಳಿಸಿದಾಗ, ನುಡಿ, ಬರಹದ ಹಳೆಯ ಫಾಂಟ್ ಅವರ ಬಳಿ ಇಲ್ಲದಿದ್ದರೆ ಸಾಲೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ; ಅವರ ತಂತ್ರಾಂಶ ಹಳೆಯದಾಗಿದ್ದರೆ ಯೂನಿಕೋಡಿನ ಒತ್ತಕ್ಷರಗಳು ಬಿಡಿಬಿಡಿಯಾಗಿ ‘ಕನ್‌ನಡ ರಾಜ್‌ಯೋತ್‌ಸವ’ ಎಂದಾಗುತ್ತದೆ. ಕನ್ನಡ ಓದಲು ಬಾರದವರಿಗೆ ಅದು ತಪ್ಪೆಂದು ಗೊತ್ತಾಗುವ ದಾರಿಯೇ ಇಲ್ಲ. ಇನ್ನೂರು ಅಂಗಿಗಳ ಮೇಲೆ ಹೀಗೆ ಅಚ್ಚಾಗಿ ಬಂದದ್ದನ್ನು, ಮೇಲೊಂದು ಪಟ್ಟಿ ಹೊಡೆದು ಮುಚ್ಚಿಕೊಡಲಾದೀತೇ ಎಂದು ಕೇಳಿಕೊಂಡು ಬಂದವರನ್ನು ಕಂಡಿದ್ದೇನೆ. ವಿನ್ಯಾಸದ ತಂತ್ರಾಂಶ ಕೋರೆಲ್‌ನಲ್ಲಿ ಅಕ್ಷರಗಳನ್ನು ಫಾಂಟ್ ಬೇಡದ ಗೆರೆರೂಪಕ್ಕೆ, ಅಂದರೆ ಕರ್ವ್ಸ್‌ಗೆ ಬದಲಾಯಿಸಿ, ಜೊತೆಗೆ ಸರಿಯಾದ ರೂಪದ ಒಂದು ಚಿತ್ರವನ್ನೂ ಕಳಿಸಿ, ಫಿಲ್ಮು ಸಿದ್ಧವಾದ ಮೇಲೆ ಅದರ ಫೋಟೊ ತರಿಸಿಕೊಂಡು ಕನ್ನಡ ಬಲ್ಲ ಇಬ್ಬರು ಓದಿದರೆ ಸಾಕು. ಹತ್ತು ನಿಮಿಷದ ಕೆಲಸ.

ಸಂಘಗಳ ಪದಾಧಿಕಾರಿಗಳಲ್ಲಿ, ಶಾಲೆಗಳ ಆಡಳಿತ ಮಂಡಳಿಗಳಲ್ಲಿ, ಕ್ರೀಡಾಕೂಟದ ಸಂಘಟಕರಲ್ಲಿ ನನ್ನ ವಿನಂತಿಯಿಷ್ಟೆ. ಕೊಟೇಶನ್ ತರಿಸಿಕೊಳ್ಳುವಾಗ ‘ಟೀ ಶರ್ಟ್ ಮತ್ತು ಪ್ರಿಂಟಿಂಗ್, ಒಂದಕ್ಕೆ ಇಷ್ಟು’ ಎಂಬ ಒಂದು ಸಾಲನ್ನು ಒಪ್ಪಿಕೊಳ್ಳಬೇಡಿ. ಬಟ್ಟೆಯಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು, ಒಂದು ಚದರ ಮೀಟರಿನ ತೂಕ ಎಷ್ಟು ಗ್ರಾಂ ಅಂದರೆ ಎಷ್ಟು ಜಿಎಸ್‌ಎಂ, ಯಾವ ವಿಧಾನದ ಅಚ್ಚು, ಯಾವ ಇಂಕು, ಚಿತ್ರದ ಅಳತೆ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಹಾಗೆ ಬರೆದಿದ್ದರೆ ಮೂವರ ದರಗಳನ್ನು ಹೋಲಿಸಲು ಬರುತ್ತದೆ. ಇಲ್ಲದಿದ್ದರೆ ಹೋಲಿಸುವುದು ಸೇರಿನ ಅಕ್ಕಿಯನ್ನೂ ಮೊಳದ ಹೂವನ್ನೂ ಒಂದೇ ತಕ್ಕಡಿಗೆ ಹಾಕಿದಂತೆ. ಪೂರ್ತಿ ಆರ್ಡರಿಗೆ ಮುಂಗಡ ಕೊಡುವ ಮೊದಲು, ಅದೇ ಬಟ್ಟೆಯ ಮೇಲೆ ಅದೇ ವಿಧಾನದಲ್ಲಿ ಹಾಕಿದ ಒಂದು ಮಾದರಿ ಅಂಗಿಯನ್ನು ಹಣ ಕೊಟ್ಟಾದರೂ ಪಡೆದು ಮನೆಯಲ್ಲಿ ಮಾಮೂಲಿನಂತೆ ಒಗೆದು ನೋಡಿ. ಅದಕ್ಕೆ ಒಂದು ವಾರ ಬೇಕು, ಅಚ್ಚಿಗೆ ಮತ್ತು ಕಾಯಿಸಲು ಇನ್ನೊಂದು ವಾರ ಬೇಕು. ಅಂದರೆ ನವೆಂಬರ್ 1ಕ್ಕೆ ಅಂಗಿ ತೊಡುವವರು ಅಕ್ಟೋಬರ್ ಮಧ್ಯಭಾಗದೊಳಗೇ ಅಂಗಡಿಗೆ ಬರಬೇಕಾಗುತ್ತದೆ.

ನನ್ನ ಮಗನ ಬಳಗ ಈ ಸಲ ಮೊನ್ನೆಯೇ ಬಂದು ಮೂರು ವಿಧಾನದ ಮೂರು ಮಾದರಿ ತೆಗೆದುಕೊಂಡು ಹೋಗಿದೆ. ಆರ್ಡರ್ ನನಗೇ ಸಿಗುತ್ತದೆಂಬ ಖಾತ್ರಿಯೇನೂ ಇಲ್ಲ. ಬಿಸಿನೀರಿನಲ್ಲೂ ಒಂದು ಸಲ ಒಗೆದು ನೋಡುತ್ತಾರಂತೆ.

ಇಂತಿ,
ಒಬ್ಬ ಸ್ಕ್ರೀನ್ ಪ್ರಿಂಟರ್
ದಾವಣಗೆರೆ